ಒಂದು ಕೂದಲು ಹಿಂದೆ

ಮಾಲು ನೋಡುವ ಕಣ್ಣಿಂದ ನೋಡಿದರೆ ಗೀರಕ್ಕನಲ್ಲಿ ಕೊಳ್ಳುವಂಥದ್ದು ಏನೂ ಇರಲಿಲ್ಲ. ವಯಸ್ಸು ಅರವತ್ತು ದಾಟಿದೆ, ಎತ್ತರ ಕಮ್ಮಿ, ಕತ್ತು ಸದಾ ಬಲಕ್ಕೆ ವಾಲಿದೆ. ಮೂವತ್ತೈದು ವರ್ಷ ಒಂದೇ ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಅಂಟಿಸಿಕೊಂಡು ಬಗ್ಗಿದ ಕತ್ತು ಅದು. ಚೌಕಾಸಿ ಬರುವುದಿಲ್ಲ, ಗಿರಾಕಿ ಬಾಯಿ ತೆರೆಯುವ ಮೊದಲೇ ತಾನೇ ನಾಚಿಕೊಂಡು ಬೆಲೆ ಇಳಿಸುತ್ತಾಳೆ. ಹಾಡಲು ಹೊರಟರೆ ಪದ ಒಂದು ಬೀದಿಯಲ್ಲಿ, ಸ್ವರ ಇನ್ನೊಂದು ಬೀದಿಯಲ್ಲಿ. ಬೆರಳು ಮಾತ್ರ ಬೇರೆ ದರ್ಜೆಯ ಸಾಮಾನು. ಸ್ಕ್ರೂವನ್ನು ಅಕ್ಕಿಕಾಳಿನ ಮೊನೆಯಷ್ಟು ತಿರುಗಿಸು ಎಂದರೆ ಅಷ್ಟೇ ತಿರುಗಿಸುವ ಬೆರಳು.

ಆಕೆಯ ಮತ್ತು ಆಕೆಯ ಅಣ್ಣನ ಕಸುಬು ಪ್ಲೇಟು ಕೊರೆಯುವುದು. ಜನ ಬಂದು ಮೈಕಿನ ಮುಂದೆ ಹಾಡುತ್ತಿದ್ದರು, ಮಗುವಿನ ತೊದಲು ಮಾತು ಹಿಡಿಸಿಕೊಳ್ಳುತ್ತಿದ್ದರು. ಹಳೇ ಯಂತ್ರದ ಸೂಜಿ ಆ ದನಿಯನ್ನು ಕರಿ ಮೆರುಗು ಬಳಿದ ಪ್ಲೇಟಿನ ಮೇಲೆ ಗೀರಾಗಿ ಕೊರೆಯುತ್ತಿತ್ತು. ಗೀರಕ್ಕ ಎಂಬ ಹೆಸರು ಬಂದದ್ದೂ ಹಾಗೆಯೇ. ಸೂಜಿ ಎಷ್ಟು ವಾಲಿರಬೇಕು ಎಂಬುದರಲ್ಲೇ ಎಲ್ಲ ಇದ್ದದ್ದು. ವಾಲು ಸರಿಯಿದ್ದರೆ ಗೀರು ಕಾಡಿಗೆಯ ಹಾಗೆ ಹೊಳೆಯುತ್ತದೆ. ಕೂದಲೆಳೆಯಷ್ಟು ತಪ್ಪಿದರೆ ಬೂದು ಬಣ್ಣಕ್ಕೆ ತಿರುಗಿ, ಕೇಳುವಾಗ ಮರಳು ಉಜ್ಜಿದ ಹಾಗೆ ಸರಸರ ಸದ್ದು. ಅಣ್ಣ ಕಿವಿಯಿಟ್ಟು ಕೇಳಿ ‘ಒಂದು ಕೂದಲು ಹಿಂದೆ’ ಎನ್ನುತ್ತಿದ್ದ, ‘ಅರ್ಧ ಕೂದಲು ಮುಂದೆ’ ಎನ್ನುತ್ತಿದ್ದ. ತಂಗಿ ಸ್ಕ್ರೂ ತಿರುಗಿಸುತ್ತಿದ್ದಳು. ಅಳತೆಗೋಲು ಅವರ ಅಂಗಡಿಯಲ್ಲಿ ಇರಲೇ ಇಲ್ಲ.

ಈಗ ಅಣ್ಣನ ಗಂಟಲಲ್ಲಿ ಗಂಟು. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಸೇರಬೇಕು, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಉಳಿದಿದ್ದ ಚೂರು ದನಿಯನ್ನು ಕಾಪಾಡಿಕೊಳ್ಳಲು ಅವನು ಹನ್ನೊಂದು ದಿನದಿಂದ ತುಟಿ ಬಿಚ್ಚಿರಲಿಲ್ಲ. ಏನಿದ್ದರೂ ಸ್ಲೇಟಿನ ಮೇಲೆ. ಊರಿನವರ ದನಿಯೆಲ್ಲ ಕೊರೆದವನು ತನ್ನದನ್ನು ಒಂದು ಸಲವೂ ಕೊರೆಸಿಕೊಂಡಿರಲಿಲ್ಲ. ಅವ್ವ ಬಟ್ಟೆ ಹೊಲಿಯುತ್ತ ಹಾಡುತ್ತಿದ್ದ ನಾಲ್ಕು ಸಾಲಿನ ಪದವೊಂದಿತ್ತು. ಅದರ ಧಾಟಿ ಗೊತ್ತಿದ್ದದ್ದು ಅವನೊಬ್ಬನಿಗೇ. ತಂಗಿಗೆ ಮಾತು ನೆನಪಿದೆ, ಧಾಟಿ ನಿಲ್ಲದು. ಆ ನಾಲ್ಕು ಸಾಲು ಪ್ಲೇಟಿಗೆ ಬಂದರೆ ಉಳಿಯಿತು, ಇಲ್ಲದಿದ್ದರೆ ನಾಳೆಗೆ ಮುಗಿಯಿತು.

ಹಾಡು ತುಂಬಿಕೊಳ್ಳಲು ಗೀರಕ್ಕ ಫೋನು ಹಿಡಿದಳು, ಹಿಡಿಯದೆ ಇರಲಿಲ್ಲ. ಅಣ್ಣ ಬಾಯಿ ಬಿಗಿದುಕೊಂಡು ಬರೆದ: ‘ಆ ಡಬ್ಬಿಯಲ್ಲಿ ನಾಲ್ಕು ಸಾವಿರ ಫೋಟೊ ಇವೆ. ಒಂದನ್ನಾದರೂ ತಿರುಗಿ ನೋಡಿದ್ದೀಯಾ?’ ಸಾಯುವಾಗಲೂ ಮೊಂಡು ಬಿಡದ ಮನೆತನ. ಆಕೆ ಫೋನು ಆರಿಸಿ ಸೆರಗಿನಡಿ ಇಟ್ಟುಕೊಂಡಳು.

ಮನೆಯಲ್ಲಿ ಉಳಿದಿದ್ದದ್ದು ಮೂರೇ ಖಾಲಿ ಪ್ಲೇಟು. ಸಾಲದ್ದಕ್ಕೆ ಯಂತ್ರದ ವಾಲು ಕೆಟ್ಟಿತ್ತು. ಎರಡು ತಿಂಗಳ ಹಿಂದೆ ಪಕ್ಕದ ಹಳೇ ಸಾಮಾನಿನ ಅಂಗಡಿಯವನು ಬಂದು, ಯಂತ್ರದ ಬೆನ್ನು ಗೋಡೆ ಬಿಟ್ಟು ಕಿಟಕಿ ಕಡೆ ಬರುವ ಹಾಗೆ ತಿರುಗಿಸಿಡಿ ಅಕ್ಕ, ಸೂಜಿಯ ಮೇಲೆ ಬೆಳಕು ಚೆನ್ನಾಗಿ ಬೀಳುತ್ತೆ ಎಂದಿದ್ದ. ಇಬ್ಬರು ಆಳುಗಳು ಅದನ್ನು ಹಿಂದುಮುಂದಾಗಿ ತಿರುಗಿಸಿಟ್ಟರು. ತಿರುಗಿಸುವಾಗ ಸೂಜಿಯ ತಲೆ ಬಿಚ್ಚಿ ಮತ್ತೆ ಕೂರಿಸಿದ್ದರು. ಆಮೇಲೆ ಅದರಲ್ಲಿ ಒಂದು ಪ್ಲೇಟೂ ಕೊರೆದಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಕೂತರು. ಅಣ್ಣ ಮೈಕಿನ ಮುಂದೆ, ತಂಗಿ ಯಂತ್ರದ ಮುಂದೆ. ಮೊದಲ ಪ್ಲೇಟಿನ ಅಂಚಿನಲ್ಲಿ ಆಕೆ ದನಿಯಿಲ್ಲದ ನಾಲ್ಕು ಸುತ್ತು ಕೊರೆದು ಕೇಳಿಸಿದಳು. ಸರಸರ. ಅಣ್ಣ ಸ್ಲೇಟು ಎತ್ತಿದ: ‘ಒಂದು ಕೂದಲು ಹಿಂದೆ.’ ತಿರುಗಿಸಿದಳು. ಇನ್ನೂ ಜಾಸ್ತಿ ಸರಸರ. ‘ಹಿಂದೆ.’ ಮತ್ತೆ ತಿರುಗಿಸಿದಳು. ‘ಹಿಂದೆ’ ಎಂಬುದರ ಕೆಳಗೆ ಅವನು ಎರಡು ಗೆರೆ ಎಳೆದ. ಅಂಚಿನಿಂದ ಶುರುವಾದ ಪರೀಕ್ಷೆ ನಡುವಿನ ತೂತಿನವರೆಗೂ ಹೋಗಿ ಪ್ಲೇಟೇ ಮುಗಿಯಿತು. ಸೂಜಿ ಕೊರೆದಂತೆ ಎದ್ದುಬಂದ ಮೆರುಗಿನ ಕರಿ ಎಳೆ ಸುರುಳಿಯಾಗದೆ ಪುಡಿಪುಡಿಯಾಗಿ ಉದುರುತ್ತಿತ್ತು. ಗೀರಕ್ಕ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಕಿವಿ ಅಣ್ಣನದು, ಕಿವಿ ತಪ್ಪುವುದಿಲ್ಲ. ಹಾಗಾದರೆ ಕೆಟ್ಟಿರುವುದು ತನ್ನ ಕೈಯೇ ಎಂದುಕೊಂಡಳು.

ಎರಡನೇ ಪ್ಲೇಟು ಹಾಕುವ ಅವಸರದಲ್ಲಿ ಮೈಕಿನ ಗುಂಡಿ ಇಳಿಸುವುದನ್ನು ಮರೆತಳು, ಮೈಕು ತೆರೆದೇ ಇತ್ತು. ಸೂಜಿ ಇಳಿಯಿತು, ಗೀರು ಬೂದಿಯ ಬಣ್ಣದಲ್ಲಿ ಓಡತೊಡಗಿತು. ಕೇಳಿಸುವ ಅಗತ್ಯವೇ ಇರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಸೂಜಿ ಓಡುತ್ತಿರುವಾಗಲೇ ಸ್ಕ್ರೂವಿಗೆ ಕೈ ಹಾಕಿ ಇನ್ನೊಂದು ಕೂದಲು ಹಿಂದೆ ಒತ್ತಲು ಹೋದಳು. ಅಣ್ಣ ಸ್ಲೇಟು ಕೆಳಗೆ ಹಾಕಿದ.

“ಯಂತ್ರದ ಹಿಂದೆ ಕಣೇ, ಗೋಡೆ ಕಡೆ ಅಲ್ಲ,” ಎಂದ. ಹರಿದ ತಗಡಿನಂಥ ದನಿ. “ಮೂವತ್ತೈದು ವರ್ಷ ಏನು ಕೊರೆದೆ ನೀನು, ಕತ್ತೆ?”

“ಸುಮ್ನಿರೋ ಅಣ್ಣ. ಮಾತಾಡ್ಬೇಡ, ಖರ್ಚಾಗುತ್ತೆ.”

ಆಗ ಆಕೆಗೆ ಹೊಳೆಯಿತು. ಅವನಿಗೆ ‘ಹಿಂದೆ’ ಅಂದರೆ ಯಂತ್ರದ ಬೆನ್ನು. ಆಕೆಗೆ ‘ಹಿಂದೆ’ ಅಂದರೆ ಗೋಡೆ. ಮೂವತ್ತೈದು ವರ್ಷ ಯಂತ್ರದ ಬೆನ್ನು ಗೋಡೆಗೇ ಇತ್ತು, ಎರಡೂ ಒಂದೇ ದಿಕ್ಕು. ಇಬ್ಬರ ಮಾತಿನ ಅರ್ಥ ಬೇರೆ ಎಂದು ಇಬ್ಬರಿಗೂ ತಿಳಿಯುವ ಪ್ರಸಂಗವೇ ಬಂದಿರಲಿಲ್ಲ. ಈಗ ಯಂತ್ರದ ಬೆನ್ನು ಕಿಟಕಿಗೆ.

ಸ್ಕ್ರೂವನ್ನು ಕಿಟಕಿ ಕಡೆ ತಿರುಗಿಸುತ್ತ ಬಂದಳು. ಏಳನೇ ಕೂದಲಿಗೆ ಗೀರು ಹೊಳೆಯಿತು, ಎಳೆ ರೇಷ್ಮೆಯ ಹಾಗೆ ಸುತ್ತಿಕೊಂಡು ಎದ್ದಿತು. ಮೂರನೇ ಪ್ಲೇಟು ಹಾಕಿದಳು. ಗುಂಡಿಯನ್ನು ಎರಡು ಸಲ ನೋಡಿದಳು. ಸಾವಿರಾರು ಜನರಿಗೆ ಅಣ್ಣ ಕೊಡುತ್ತಿದ್ದ ಸನ್ನೆಯನ್ನು ಅವನಿಗೇ ಕೊಟ್ಟಳು.

ಒಂದೂವರೆ ಸಾಲು ಬಂತು. ಆಮೇಲೆ ತುಟಿ ಆಡುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು, ದನಿ ಇರಲಿಲ್ಲ. ಅವನು ಎದೆ ಒತ್ತಿಕೊಂಡು ಮೂರು ಸಲ ಮೊದಲಿಂದ ಹಿಡಿದ. ಮೂರು ಸಲವೂ ಗಾಳಿಯೇ. ಗೀರಕ್ಕ ಸೂಜಿ ಎತ್ತಲಿಲ್ಲ. ಎತ್ತಿದರೆ ಮುಗಿಯಿತು ಎಂದು ಒಪ್ಪಿಕೊಂಡ ಹಾಗೆ. ಪ್ಲೇಟಿನ ಕೊನೆಯವರೆಗೂ ಬಿಟ್ಟಳು. ಅಷ್ಟು ಶುದ್ಧವಾದ ಗೀರನ್ನು ಆಕೆ ಜನ್ಮದಲ್ಲಿ ಕೊರೆದಿರಲಿಲ್ಲ. ಸರಸರ ಒಂದಿಷ್ಟೂ ಇಲ್ಲ, ಅಣ್ಣನ ಉಸಿರು ಎಣಿಸುವಷ್ಟು ಸ್ಪಷ್ಟ.

ಆಪರೇಷನ್ ಆಯಿತು, ಅಣ್ಣ ಬದುಕಿದ. ಉಳಿದ ಎರಡೂವರೆ ಸಾಲಿನ ಧಾಟಿಯನ್ನು ಮೇಜಿನ ಮೇಲೆ ಬೆರಳಿಂದ ಬಡಿದು ತೋರಿಸುತ್ತಾನೆ. ಬಡಿತದಲ್ಲಿ ತಾಳ ಇದೆ, ಧಾಟಿ ಎಲ್ಲಿಂದ ಬರಬೇಕು? ತಂಗಿ ಊಹಿಸಿ ಹಾಡುತ್ತಾಳೆ, ಅವನು ತಲೆ ಅಲ್ಲಾಡಿಸುತ್ತಾನೆ. ದಿನಾ ಸಂಜೆ ಇದೇ. ಮೂರನೇ ಪ್ಲೇಟನ್ನು ಆಕೆ ಬೀರುವಿನಲ್ಲಿ ಇಟ್ಟಿದ್ದಾಳೆ. ಹಚ್ಚುವುದು ಎರಡನೆಯದನ್ನು. ಮರಳಿನ ಸರಸರದ ನಡುವೆ ‘ಕತ್ತೆ’ ಎಂಬ ಮಾತು ಬಂದಾಗ ಅಣ್ಣ ಮುಖ ಆ ಕಡೆ ಮಾಡುತ್ತಾನೆ, ತಂಗಿ ಮತ್ತೊಮ್ಮೆ ಮೊದಲಿಂದ ಹಚ್ಚುತ್ತಾಳೆ.

ಪಕ್ಕದ ಹಳೇ ಸಾಮಾನಿನ ಅಂಗಡಿಯವನು ನಾನೇ. ಬೆಳಕಿನ ಮಾತು ಸುಳ್ಳು. ಬೀದಿಯಲ್ಲಿ ಹೋಗುವ ಗಿರಾಕಿಗೆ ಯಂತ್ರ ಕಾಣಲಿ, ಕಂಡು ಬೆಲೆ ಕೇಳಲಿ ಎಂದು ತಿರುಗಿಸಿ ಇಡಿಸಿದ್ದೆ. ಗೀರಕ್ಕ ಇವತ್ತಿಗೂ ತನ್ನ ಬೆರಳನ್ನೇ ಬೈದುಕೊಳ್ಳುತ್ತಾಳೆ. ಆಕೆಗೆ ನಾನು ಈ ನಿಜ ಹೇಳಬೇಕಾಗಿದೆ, ಇನ್ನೂ ಹೇಳಿಲ್ಲ.