ಸಿಸಿಲಿಯಾ ಬಾಯಿ ಕೇಳಿದ ಪ್ರಶ್ನೆ

ಕೈ ಚಾಚಿ ರೋಗ ವಾಸಿ ಮಾಡುತ್ತೇವೆ ಎನ್ನುವವರನ್ನು ನಾನು ಯಾವತ್ತೂ ನಂಬಿದವಳಲ್ಲ. ಗಲ್ಫಿನ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ನರ್ಸ್ ಆಗಿದ್ದು, ನಿವೃತ್ತಳಾಗಿ ಮೂಡುಬಿದಿರೆ ಹತ್ತಿರದ ನನ್ನ ಊರು ಶಿರ್ತಾಡಿಗೆ ಬಂದವಳು. ಯೇಸು ಕುರುಡರಿಗೆ ಕಣ್ಣು ಕೊಟ್ಟದ್ದನ್ನು ಮನಸಾರೆ ನಂಬುತ್ತೇನೆ. ಅದನ್ನೇ ತಾವೂ ಮಾಡುತ್ತೇವೆ ಎನ್ನುವವರನ್ನು ಕಂಡರೆ ಮಾತ್ರ ಸಂಶಯ. ಈಗಲೂ ಸಂಶಯವೇ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ತಂಗಿ ಲಿಲ್ಲಿಗೆ ಬಿಪಿ. ಕೆಲವು ವರ್ಷಗಳ ಹಿಂದೆ ಅವಳು ಇದ್ದಕ್ಕಿದ್ದಂತೆ ಮಾತ್ರೆ ನಿಲ್ಲಿಸಿದಳು. ಅಳದಂಗಡಿಯ ಕಡೆ ಸಿಸಿಲಿಯಾ ಬಾಯಿ ಎಂಬ ವಿಧವೆಯೊಬ್ಬರು ಪ್ರಾರ್ಥಿಸಿ 'ಹೀಲಿಂಗ್' ಮಾಡುತ್ತಾರಂತೆ, ಎರಡು ಸಲ ಹೋಗಿ ಬಂದ ಮೇಲೆ ತಲೆನೋವೇ ಇಲ್ಲವಂತೆ. ಬಿಪಿ ನೋಡಿದರೆ ವಿಪರೀತ ಏರಿತ್ತು.

"ಸತ್ತು ಹೋಗ್ತೀಯ ಮಾರಾಯ್ತಿ!" ಎಂದು ಬೈದೆ.

"ಒಮ್ಮೆ ಬಂದು ನೋಡಕ್ಕ, ಆಮೇಲೆ ಬೈ" ಎಂದಳು.

ಆ ಹೆಂಗಸಿನ ಬಣ್ಣ ಬಯಲು ಮಾಡಬೇಕೆಂದೇ ಲಿಲ್ಲಿಯ ಜೊತೆ ಹೊರಟೆ.

ಬೆಳಗಿನ ಹೊತ್ತು. ಸಿಸಿಲಿಯಾ ಬಾಯಿಯ ಮನೆಯೊಳಗೆ ಗೋಡೆಯಲ್ಲಿ ಯೇಸುವಿನ ಪಟ. ಅದರ ಪಕ್ಕದಲ್ಲೇ ಮನುಷ್ಯದೇಹದ ಏಳು ಚಕ್ರಗಳ ಚಾರ್ಟು. ಎರಡನ್ನೂ ಒಂದೇ ಗೋಡೆಗೆ ತೂಗುಹಾಕಿದವರನ್ನು ಏನೆಂದು ನಂಬುವುದು? ಸಿಸಿಲಿಯಾ ಬಾಯಿ ಲಿಲ್ಲಿಯ ತಲೆಯಿಂದ ಗೇಣು ಮೇಲೆ ಕೈ ಹಿಡಿದು, ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಮುಗಿದದ್ದೇ ಕೇಳಿದೆ, "ಇವಳು ಮಾತ್ರೆ ನಿಲ್ಲಿಸಿದ್ದಾಳೆ. ನೀವು ಹೇಳಿದ್ದಾ?"

ಅವರು ಬೆಚ್ಚಿದರು. "ನಾನು ಯಾಕೆ ಹೇಳ್ತೇನೆ? ಲಿಲ್ಲಿ, ಇವತ್ತೇ ತೆಗೊಳ್ಳಿಕ್ಕೆ ಶುರು ಮಾಡು. ಮಾತ್ರೆ ಬಿಡುವವರು ಇಲ್ಲಿಗೆ ಬರುವುದು ಬೇಡ."

ಲಿಲ್ಲಿ ತಲೆ ತಗ್ಗಿಸಿದಳು. ನನ್ನ ಕೆಲಸದ ಬಗ್ಗೆ ಅವಳು ಅವರಿಗೆ ಮೊದಲೇ ಹೇಳಿದ್ದಳು; ನರ್ಸ್ ಎದುರಿಗಿದ್ದಾಳೆಂದು ಹೀಗೆ ಹೇಳಿದರೋ ಎಂದು ನನಗೆ ಅನುಮಾನ.

ಹೊರಡುವಾಗ ಅವರು ನನ್ನ ಬಲಗೈಯನ್ನೇ ನೋಡಿದರು. ಮುಟ್ಟಲಿಲ್ಲ. ಅದರ ಮೇಲೆ ಅಂಗೈ ಆಡಿಸಿ ಒಂದು ಕಡೆ ನಿಲ್ಲಿಸಿದರು.

"ಇಲ್ಲಿ ಯಾರೋ ಹಿಡಿದುಕೊಂಡ ಹಾಗೆ ಉಂಟು. ಇಡೀ ಕೈ ಅಲ್ಲ, ಕೊನೆಯ ಎರಡು ಬೆರಳು ಮಾತ್ರ. ನೀವು ಬಿಡಿಸಿಕೊಂಡು ಹೋದದ್ದಾ?"

ಬಿಡಿಸಿಕೊಂಡು ಹೋದದ್ದು ಹೌದು. ಗಲ್ಫಿನ ಆ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ಸಾಯುತ್ತಿದ್ದ ಕಟ್ಟಡ ಕೆಲಸದವನೊಬ್ಬ ನನ್ನ ಉಂಗುರಬೆರಳು ಕಿರುಬೆರಳು ಎರಡನ್ನೂ ಹಿಡಿದುಕೊಂಡಿದ್ದ. ಅಷ್ಟರಲ್ಲಿ ಇನ್ನೊಂದು ಬೆಡ್ಡಿನ ಗಂಟೆ ಹೊಡೆಯಿತು. ಬೆರಳು ಬಿಡಿಸಿಕೊಂಡು ಓಡಿದೆ. ತಿರುಗಿ ಬರುವಷ್ಟರಲ್ಲಿ ಅವನು ತೀರಿಕೊಂಡಿದ್ದ. ಅದು ಡ್ಯೂಟಿ, ಪಾಪವಲ್ಲ ಎಂದುಕೊಂಡು ಪಾಪನಿವೇದನೆಯಲ್ಲೂ ಹೇಳಿರಲಿಲ್ಲ. ಲಿಲ್ಲಿಗಂತೂ ಗೊತ್ತೇ ಇಲ್ಲ.

ಲಿಲ್ಲಿಯನ್ನು ಕರೆದುಕೊಂಡು ಹೊರಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನರ್ಸ್ ಎಂದ ಮೇಲೆ ಇಂಥದ್ದೊಂದು ನೆನಪು ಇದ್ದೇ ಇರುತ್ತದೆ, ಊಹಿಸಿರಬೇಕು. ಸರಿ, ಆದರೆ ಎರಡು ಬೆರಳು?

ವಾರದ ನಂತರ ನಮ್ಮ ಇಗರ್ಜಿಯ ಫಾದರ್ ಹತ್ತಿರ ಎಲ್ಲವನ್ನೂ ಹೇಳಿದೆ. "ಗುಣ ಮಾಡುವವನು ದೇವರು. ಕೈಯಲ್ಲಿ ಶಕ್ತಿ ಉಂಟು ಅಂತ ಯಾರಾದರೂ ಹೇಳಿದರೆ ಜಾಗ್ರತೆ ಬೇಕು. ಆ ಚಾರ್ಟು ನನಗೂ ಸರಿ ಕಾಣುವುದಿಲ್ಲ" ಎಂದರು. ಮತ್ತೆ, "ಆ ಮನುಷ್ಯನ ಹೆಸರು ನೆನಪುಂಟಾ?" ಎಂದು ಕೇಳಿದರು.

ಇರಲಿಲ್ಲ.

"ಹಾಗಾದರೆ ಹೆಸರಿಲ್ಲದೆಯೇ ಅವನಿಗೋಸ್ಕರ ಪ್ರಾರ್ಥನೆ ಮಾಡಿ."

ದಿನವೂ ಮಾಡುತ್ತಿದ್ದೇನೆ. ಲಿಲ್ಲಿ ಮಾತ್ರೆ ನುಂಗುತ್ತಾಳೆ, ಅಳದಂಗಡಿಗೂ ಹೋಗುತ್ತಾಳೆ. ಒಳ್ಳೆಯದೇ ಆಯಿತು, ಒಪ್ಪುತ್ತೇನೆ. ಆದರೆ ಆ ಎರಡು ಬೆರಳಿನ ಮಾತು ದೇವರ ಕಡೆಯಿಂದ ಬಂತೋ, ಬೇರೆಲ್ಲಿಂದಲೋ, ನನಗೆ ಇಂದಿಗೂ ಗೊತ್ತಾಗಿಲ್ಲ. ಮೊನ್ನೆ ಮೂಡುಬಿದಿರೆಯ ಪೇಟೆಯಲ್ಲಿ ಸಿಸಿಲಿಯಾ ಬಾಯಿ ದೂರದಿಂದ ಕಂಡರು, ನನ್ನನ್ನು ನೋಡಿ ನಕ್ಕರು. ನಾನು ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ರಸ್ತೆಯ ಆಚೆ ಬದಿಗೆ ದಾಟಿಬಿಟ್ಟೆ.