ಎಮೆರಿತಾ ಓದಿದ ಸಂಪಾದಕೀಯ

ಪೋರ್ಟೊ ರಿಕೊ ದ್ವೀಪದ ಕಾಗ್ವಾಸ್ ಊರಿನ ಹೊಗೆಸೊಪ್ಪಿನ ಕಾರ್ಖಾನೆಯಲ್ಲಿ ಎಮೆರಿತಾ ಮೂವತ್ತು ವರ್ಷ ಎಲೆಯ ನಡುನರ ಕಿತ್ತಳು. ಕೈ ಎಲೆಯ ಮೇಲೆ, ಕಿವಿ ಓದುಗನ ಮೇಲೆ. ಎತ್ತರದ ಕುರ್ಚಿಯಲ್ಲಿ ಕೂತು ದಿನವಿಡೀ ಗಟ್ಟಿಯಾಗಿ ಓದುವ ದೊನ್ ಎಲಾದಿಯೊನನ್ನು ಕೆಲಸಗಾರರೇ ತಮ್ಮ ಕೂಲಿಯಲ್ಲಿ ಇಟ್ಟುಕೊಂಡಿದ್ದರು. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ. ಎಮೆರಿತಾ ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಶಾಸನಸಭೆಯ ಭಾಷಣಗಳನ್ನು, ಮಾಡಿದವರೇ ಮರೆತ ಮೇಲೂ, ಒಪ್ಪಿಸುತ್ತಿದ್ದಳು. ಅಕ್ಷರ ಮಾತ್ರ ಒಂದೂ ಗೊತ್ತಿರಲಿಲ್ಲ.

ಹೆಂಗಸರಿಗೆ ಮತ ಬೇಕೆಂದು ಬಿಸಿಲಲ್ಲಿ ಬಾವುಟ ಹಿಡಿದು ನಡೆದವರು ಇಂಥವರು. ನೆರಳಲ್ಲಿ ಕೂತು ಅರ್ಜಿ ಬರೆದವರು ನಮ್ಮಂಥ ಉಪಾಧ್ಯಾಯಿನಿಯರು, ವೈದ್ಯರ ಹೆಂಡಿರು. ೧೯೨೯ರಲ್ಲಿ ಪೋರ್ಟೊ ರಿಕೊದ ಶಾಸನಸಭೆ ಓದುಬರಹ ಬಲ್ಲ ಹೆಂಗಸರಿಗೆ ಮಾತ್ರ ಮತ ಕೊಟ್ಟಿತು. ಗಂಡಸರಿಗೆ ಆ ಷರತ್ತಿಲ್ಲ. ಅವರು ಹುಟ್ಟುವಾಗಲೇ ಓದಿಕೊಂಡು ಬಂದಿರುತ್ತಾರೆ. ನಮ್ಮ ಮಹಿಳಾ ಸಂಘ, ಮೊದಲು ನಾವು ಆಮೇಲೆ ಓದು ಬಾರದ ಹೆಂಗಸರು ಎಂದು ಒಪ್ಪಿ, ನಿಂಬೆ ಪಾನಕ ಕುಡಿದು ಮನೆಗೆ ಹೋಯಿತು.

ಎಮೆರಿತಾ ಒಪ್ಪಲಿಲ್ಲ. ಸಹಿ ಹಾಕುವುದನ್ನು ನನ್ನಿಂದ ಕಲಿತಳು. ಓದುವುದನ್ನೂ ಕಲಿ ಎಂದರೆ ಪುರಸೊತ್ತಿಲ್ಲ.

"ಹೆಸರು ಬರೆಸೋವಾಗ ಓದೋಕೆ ಕೊಡೋದೂ ಕಾರ್ಖಾನೇಲಿ ಓದೋ ಪತ್ರಿಕೇನೇ ತಾನೆ ಟೀಚರಮ್ಮ? ಅದು ನನಗೆ ಬಾಯಿಪಾಠ."

ಮತದಾರರ ಪಟ್ಟಿಗೆ ಹೆಸರು ಬರೆಸುವ ದಿನ ಇಸ್ತ್ರಿ ಮಾಡಿದ ಲಂಗ ತೊಟ್ಟು, ಗಂಡ ಸಿಲ್ವೇರಿಯೊನನ್ನು ಎಳೆದುಕೊಂಡು ಹೊರಟಳು. ನಾನೂ ಹೋದೆ.

ಗುಮಾಸ್ತ ಪತ್ರಿಕೆ ಚಾಚಿ ಸಂಪಾದಕೀಯದ ಮೇಲೆ ಬೆರಳಿಟ್ಟ. "ಇದನ್ನ ಓದಮ್ಮ."

"ಕನ್ನಡಕ ತಂದಿಲ್ಲ, ಸಣ್ಣಕ್ಷರ ಕಾಣ್ತಿಲ್ಲ. ಯಾವತ್ತಿಂದು ಸ್ವಾಮಿ ಇದು?"

"ಮಂಗಳವಾರದ್ದು. ಯಾಕೆ, ಮುಹೂರ್ತ ನೋಡಬೇಕಾ?"

ಅವಳಿಗೆ ಅಷ್ಟು ಸಾಕಾಯಿತು. ಕಣ್ಣು ಹಾಳೆಯ ಮೇಲಿಟ್ಟು ಶುರು ಮಾಡಿದಳು. ಗುಮಾಸ್ತನ ಬೆರಳು ಸಾಲಿನಿಂದ ಸಾಲಿಗೆ ಹಿಂದೆ ಬಿದ್ದು ಓಡಿತು. ಮೂರನೆಯ ಪ್ಯಾರಾದಲ್ಲಿ ನಿಂತುಬಿಟ್ಟಿತು.

"...ಕೆಲಸಗಾರರು ತಾಳ್ಮೆ ತಂದುಕೊಳ್ಳಬೇಕು. ಇದನ್ನು ಬರೆದ ಮಹಾಶಯರಿಗೆ ಊಟವಾಗಿದೆ, ಅವರಿಗೆ ತಾಳ್ಮೆ ಸುಲಭ."

"ಅದೆಲ್ಲಿದೆ?"

"ತಾಳ್ಮೆ ಆದ್ಮೇಲೆ."

"ಇಲ್ಲಿಲ್ಲವಲ್ಲ."

ಎಲಾದಿಯೊ ಓದುವಾಗ ನಡುನಡುವೆ ತನ್ನದೂ ಒಂದು ಮಾತು ಸೇರಿಸುತ್ತಿದ್ದ. ಬಾಗಿಲಲ್ಲಿ ಮಾಲೀಕನ ಮೇಸ್ತ್ರಿ ನಿಂತಿರುತ್ತಿದ್ದುದರಿಂದ ದನಿ ಬದಲಿಸುತ್ತಿರಲಿಲ್ಲ. ಅದೂ ಪತ್ರಿಕೆಯದೇ ಎಂದು ಎಮೆರಿತಾ ಮೂವತ್ತು ವರ್ಷ ನಂಬಿದ್ದಳು.

"ಓದೋಕೆ ಬರದವರಿಗೆ ಓಟಿಲ್ಲಮ್ಮ. ಮುಂದಿನವರು ಬನ್ನಿ."

ಮುಂದಿನವನು ಸಿಲ್ವೇರಿಯೊ, ಮನೆ ಬದಲಾಗಿದ್ದರಿಂದ ಅವನ ಹೆಸರನ್ನೂ ಹೊಸದಾಗಿ ಬರೆಸಬೇಕಿತ್ತು. ಗುಮಾಸ್ತ ಅವನಿಗೆ ಲೇಖನಿ ಕೊಟ್ಟ, ಸಹಿಯ ಬದಲು ಗುರುತು ಹಾಕುವ ಜಾಗವನ್ನೂ ತೋರಿಸಿದ.

"ಇವರಿಗೆ ಪತ್ರಿಕೆ ಕೊಡಲ್ವಾ?" ಎಂದಳು ಎಮೆರಿತಾ.

"ಅವರು ಗಂಡಸರಮ್ಮ."

"ಅದು ಎಷ್ಟನೇ ಪ್ಯಾರಾದಲ್ಲಿದೆ?"

"ಬಿಡೇ, ಜನ ನೋಡ್ತಿದಾರೆ," ಎಂದ ಸಿಲ್ವೇರಿಯೊ, ಅಡ್ಡಗೆರೆ ಎರಡನ್ನು ನಾಲಿಗೆ ಕಚ್ಚಿಕೊಂಡು ಎಳೆಯುತ್ತ.

ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿದಳು. "ಈ ಕಾನೂನಿಗೆ ನಿಮ್ಮ ಸಂಘ ಒಪ್ಪಿತ್ತಂತೆ. ಹೌದಾ?"

"ಏನೂ ಇಲ್ಲದ್ದಕ್ಕಿಂತ ವಾಸಿ ಅಂತ."

"ನನಗೆ ಸಿಕ್ಕಿದ್ದು ಆ ಏನೂ ಇಲ್ಲದ್ದೇ ಅಲ್ವಾ?"

೧೯೩೨ರಲ್ಲಿ ನಾನು ಹೊಸ ಟೋಪಿ ಇಟ್ಟುಕೊಂಡು ಮತ ಹಾಕಿದೆ, ಸಿಲ್ವೇರಿಯೊ ಹಳೆಯದನ್ನಿಟ್ಟುಕೊಂಡು ಹಾಕಿದ. ಷರತ್ತು ಹೋಗುವುದಕ್ಕೆ ಮತ್ತೆ ಮೂರು ವರ್ಷ ಹಿಡಿಯಿತು. ೧೯೩೬ರಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ, ಎಮೆರಿತಾ ಮತ ಹಾಕಿ ಬಂದಳು. ಯಾರಿಗೆ ಹಾಕಿದೆ ಎಂದು ಕೇಳಿದೆ.

"ಕಟ್ಟಿಕೊಂಡವನಿಗೇ ಹೇಳಿಲ್ಲ ಟೀಚರಮ್ಮ, ನಿಮಗೆ ಹೇಳ್ತೀನಾ?"