ಬಚ್ಚಲ ಗೋಡೆಗೆ ನಾಲ್ಕು ತೂತು

ಡ್ರಿಲ್ ಯಂತ್ರವನ್ನು ಕೈಗೆತ್ತಿಕೊಂಡವರು ಯಾರೇ ಆಗಲಿ, ಗಾಳಿಯಲ್ಲಿ ಎರಡು ಸಲ ಗುರ್ ಗುರ್ ಎನ್ನಿಸದೆ ಅದನ್ನು ಕೆಳಗಿಡುವುದಿಲ್ಲ ಎಂಬುದನ್ನು ನೀವೂ ಗಮನಿಸಿರಬಹುದು. ನಾನು ಗಮನಿಸಿದ್ದಷ್ಟೇ ಅಲ್ಲ, ಬರೆದೂ ಇಟ್ಟಿದ್ದೇನೆ. ಕಡಿಮೆ ದರದ, ಬ್ಯಾಟರಿಯಿಂದ ನಡೆಯುವ ಹ್ಯಾಮರ್ ಡ್ರಿಲ್ಲೊಂದು ಜೇವರ್ಗಿಯ ನಮ್ಮ ಮನೆಗೆ ಬಂದ ಮೊದಲ ವಾರದಲ್ಲಿ ಅದನ್ನು ಎತ್ತಿ ನೋಡಿದವರು ಹನ್ನೊಂದು ಮಂದಿ, ಗುರ್ ಎನ್ನಿಸಿದವರು ಹತ್ತು. ಹಾಲು ಹಾಕಲು ಬಂದ ಹೆಂಗಸು ಕೂಡ ಒಂದು ಕೈಯಲ್ಲಿ ಕ್ಯಾನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಗುಂಡಿ ಒತ್ತಿ, ಶತ್ರುಸಂಹಾರ ಮುಗಿಸಿದವಳಂತೆ ನಕ್ಕಳು. ಹನ್ನೊಂದನೆಯವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ದಿನಚರಿಯಲ್ಲಿ ತಾರೀಖು ಬರೆದು, ಗೀಟು ಎಳೆದು, ಲೆಕ್ಕವಿಡುವುದು ನನ್ನ ಹಳೆಯ ಚಾಳಿ. ಆದ್ದರಿಂದ ಡ್ರಿಲ್ಲಿಗೂ ಒಂದು ಪುಟ ಮೀಸಲಾಯಿತು: ತೂಕ, ಸದ್ದು, ಹಿಡಿತ, ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ತೂತು. ಕೊಂಡ ಕಾರಣ ಮಾತ್ರ ಈ ಖಾನೆಗಳಿಗಿಂತ ದೊಡ್ಡದಿತ್ತು.

ಕಾರಣ ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅವಳಿಗೆ ಕೂತಲ್ಲಿಂದ ಏಳಲು ಯಾರಾದರೂ ಕೈ ಕೊಡಬೇಕು. ಜಳಕವಾಗದೆ ಲಿಂಗಪೂಜೆಯಿಲ್ಲ, ಲಿಂಗಪೂಜೆಯಾಗದೆ ಚಹಾದ ಹನಿಯೂ ಬಾಯಿಗಿಲ್ಲ ಎಂಬುದು ಅವಳ ಜನ್ಮದ ನೇಮ. ಕೈ ಕೊಡಬೇಕಾದವಳು ಅವ್ವ, ಅವಳಿಗೋ ಬೆಳಗಿನ ರೊಟ್ಟಿ ಬಡಿಯುವ ಗದ್ದಲ. ಅವ್ವನ ಕೈ ಬಿಡುವಾಗುವತನಕ ಆಯಿ ಬರಿಹೊಟ್ಟೆಯಲ್ಲಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು, ಕೆಲವು ದಿನ ಹತ್ತೂವರೆಯವರೆಗೆ. ನಾನು ಬರುತ್ತೇನೆಂದರೆ, "ನಿನ್ನ ಕೈಲೆ ಜಳಕ ಮಾಡಿಸ್ಕೊಳ್ಳಲೇನು? ನಿನ್ನ ಅಂಗಾಲು ತಿಕ್ಕಿ ನೀರು ಹಾಕಿದಾಕಿ ನಾ! ಸುಮ್ನ ಕುಂದ್ರು" ಎಂದು ಗದರುತ್ತಿದ್ದಳು. ಗೋಡೆಗೆ ಒಂದು ಉಕ್ಕಿನ ಹಿಡಿಕೆ ಕೂರಿಸಿದರೆ ಅವಳು ಯಾರ ಹಂಗೂ ಇಲ್ಲದೆ ಏಳಬಹುದು. ಅದಕ್ಕೆ ಬೇಕಾದದ್ದು ನಾಲ್ಕೇ ತೂತು.

ಶಿಸ್ತಿನವಳಾದ ನಾನು ನೇರವಾಗಿ ಆಯಿಯ ಗೋಡೆಗೆ ಕೈ ಹಾಕಲಿಲ್ಲ. ಮೊದಲು ಪರೀಕ್ಷೆಯಾಗಲಿ ಎಂದು ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ, ಆಳಂದ ಸೀಮೆಯ ಮಟಕಿಯಲ್ಲಿರುವ ಸೋದರಮಾವನ ಮನೆಗೆ ಹೋದೆ. ಅಲ್ಲಿಯ ಗೋಡೆಗಳು ಕರಿಕಲ್ಲಿನವು, ಮೊಳೆ ಹೊಡೆದರೆ ಮೊಳೆಯೇ ಬಾಗಿ ನಮಸ್ಕಾರ ಮಾಡುತ್ತದೆ. ಹ್ಯಾಮರ್ ಗುರುತಿಗೆ ಉಂಗುರ ತಿರುಗಿಸಿದರೆ ಈ ಯಂತ್ರ ತಿರುಗುವುದರ ಜೊತೆಗೆ ಕುಟ್ಟುತ್ತಲೂ ಹೋಗುತ್ತದೆ. ಹಾಗೆ ತಿರುಗಿಸಿ, ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಒಂದು ಬ್ಯಾಟರಿ ಪೂರ್ತಿ ಮುಗಿದಾಗ ತೂತಿನ ಆಳ ಕಿರುಬೆರಳಿನ ಒಂದು ಗೆಣ್ಣಿನಷ್ಟಿತ್ತು.

ಮಾವ ತೂತಿನಲ್ಲಿ ಬೆರಳಿಟ್ಟು ನೋಡಿ, "ಸಿಸ್ತಾಗೇದ ಬಿಡವ್ವ. ಇರಿವಿ ಒಂದು ಸಂಸಾರ ಹೂಡಬಹುದು" ಎಂದ.

ಆ ಪರೀಕ್ಷೆಯಿಂದ ನಾನು ಕಲಿತು ಬಂದದ್ದು ಒಂದೇ ಪಾಠ: ಹ್ಯಾಮರ್ ಹಾಕಬೇಕು, ಬಲವಾಗಿ ಒತ್ತಬೇಕು. ಕರಿಕಲ್ಲನ್ನೇ ಕೊರೆದವಳಿಗೆ ಜೇವರ್ಗಿಯ ಬಚ್ಚಲು ಯಾವ ಲೆಕ್ಕ? ನಮ್ಮ ಕಡೆ ಬಚ್ಚಲ ಗೋಡೆಗೆ ಶಹಾಬಾದಿ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿರುತ್ತಾರೆ. ಬೂದುಬಣ್ಣದ, ನುಣುಪಾದ, ನೋಡಲು ಸಾಧುವಾದ ಕಲ್ಲು. ಮಟಕಿಯಲ್ಲಿ ಒತ್ತಿದಂತೆಯೇ ಒತ್ತಿದೆ. ಹತ್ತು ಎಣಿಸುವಷ್ಟರಲ್ಲಿ ಟಪ್ ಎಂದಿತು. ತೂತಿನಿಂದ ಹೊರಟ ಬಿರುಕು ಭೀಮಾನದಿಯಂತೆ ಬಳುಕುತ್ತ ನೆಲದವರೆಗೂ ಇಳಿಯಿತು. ಪುಟದಲ್ಲಿ ಬರೆದೆ: ತೂತು ಒಂದು, ಚಪ್ಪಡಿ ಎರಡು.

ಆಯಿ ಬಂದು ನೋಡಿದಳು. ಬೈಯಲಿಲ್ಲ, ಅದೇ ನೋವಾಯಿತು. "ಇರಲಿ ಬಿಡು. ಹೆಂಗೂ ನಿಮ್ಮವ್ವನ ಕೈ ಅದ ಅಲ್ಲಾ" ಎಂದು ಮತ್ತೆ ಕಂಬಕ್ಕೆ ಒರಗಿದಳು.

ಅವ್ವ ಹೇಳಿಕಳಿಸಿದ್ದರಿಂದ ಮರುದಿನ ಮಹಿಬೂಬ ಕಾಕಾ ಬಂದರು. ಪಕ್ಕದ ಓಣಿಯ ಗೌಂಡಿ, ಮನೆ ಕಟ್ಟುವುದರಲ್ಲೇ ತಲೆ ನೆರೆತವರು. ಅವರೇ ಆ ಹನ್ನೊಂದನೆಯವರು. ಯಂತ್ರವನ್ನು ಎತ್ತಿ, ತೂಗಿ ನೋಡಿ, ಗುರ್ ಎನ್ನಿಸದೆ ಕೆಳಗಿಟ್ಟು, ಗೋಡೆಯ ಕಡೆ ಹೋಗಿ ಬೆರಳ ಗೆಣ್ಣಿನಿಂದ ಚಪ್ಪಡಿಗಳನ್ನು ಒಂದೊಂದಾಗಿ ತಟ್ಟತೊಡಗಿದರು.

"ಏನವ್ವಾ, ಮಷೀನ್ ತಂದೀದಿ, ಗ್ವಾಡಿ ಸಂಗಟ ಮಾತಾಡಿದ್ದೇನು?"

"ಮಷೀನ್ ಹಗುರದ ಮಾಲು ಅನಸ್ತದ್ರಿ ಕಾಕಾ."

"ಬಿಲ್ಕುಲ್ ಹಗುರದ್ದೇ. ಮತ್ತ ಕಲ್ಲೂ ನಾಜೂಕದ. ಇದು ಪದರ್ ಪದರ್ ಇರ್ತದ, ಹಪ್ಪಳ ಇದ್ದಂಗ. ಹಪ್ಪಳಕ್ಕ ಯಾರರ ಸುತ್ತಿಗಿ ಹಾಕ್ತಾರೇನು?"

ಪಡಸಾಲೆಯಿಂದ ಆಯಿಯ ದನಿ ಬಂತು: "ಮಹಿಬೂಬಾ, ಆಕಿ ಹಪ್ಪಳಾನೂ ಹಂಗೇ ಸುಡ್ತಾಳೋ!"

ಕಾಕಾ ಹೇಳಿದ ರೀತಿ ಇಷ್ಟು. ಟೊಳ್ಳು ಸದ್ದು ಬಂದಲ್ಲಿ ಚಪ್ಪಡಿಯ ಹಿಂದೆ ಗಾರೆಯಿಲ್ಲ, ಅಲ್ಲಿ ಕೊರೆಯಬಾರದು. ಗಟ್ಟಿ ಸದ್ದಿನ ಜಾಗದಲ್ಲಿ, ಹ್ಯಾಮರ್ ಬಂದ್ ಮಾಡಿ, ಕೊರೆಯುವ ಕಡ್ಡಿಯ ತುದಿಗೆ ಹನಿ ಹನಿ ನೀರು ಬಿಡುತ್ತ ಮೆಲ್ಲಗೆ ಚಪ್ಪಡಿಯನ್ನು ದಾಟಬೇಕು. ಹಿಂದಿನ ಇಟ್ಟಿಗೆ ಸಿಕ್ಕ ಮೇಲಷ್ಟೇ ಹ್ಯಾಮರ್. ನಾನು ಕೊರೆದೆ, ಅವರು ಚೊಂಬಿನಿಂದ ನೀರು ಬಿಟ್ಟರು. ಬೂದು ನೀರು ಮೊಣಕೈತನಕ ಇಳಿಯಿತು. ಇಟ್ಟಿಗೆ ತಾಗಿದಾಗ ಕಡ್ಡಿ ಸರಕ್ಕನೆ ಒಳಗೆ ಹೋಯಿತು. ಮಟಕಿಯಲ್ಲಿ ಒಂದೇ ತೂತಿಗೆ ಪ್ರಾಣ ಬಿಟ್ಟಿದ್ದ ಬ್ಯಾಟರಿ ಇಲ್ಲಿ ನಾಲ್ಕೂ ತೂತು ಮುಗಿಸಿ ಇನ್ನೂ ಒಂದು ದೀಪದಷ್ಟು ಚಾರ್ಜ್ ಉಳಿಸಿಕೊಂಡಿತ್ತು.

ತೂತುಗಳಿಗೆ ಪ್ಲಾಸ್ಟಿಕ್ ಬಿರಡೆ ತುರುಕಿ, ತಿರುಪು ಬಿಗಿದು, ಹಿಡಿಕೆ ಕೂರಿಸಿದ ಮೇಲೆ ಕಾಕಾ ಎರಡೂ ಕೈಯಿಂದ ಅದಕ್ಕೆ ಜೋತುಬಿದ್ದು, ಕಾಲು ಮಡಚಿ ನೋಡಿದರು. ಅದು ಜಪ್ಪಯ್ಯ ಎನ್ನಲಿಲ್ಲ.

ಡ್ರಿಲ್ಲು ಹೇಗಿದೆ ಎಂದು ಈಗ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ನಿಮ್ಮ ಗೋಡೆ ಯಾವುದು ಎಂದು. ಅಫಜಲಪುರದಿಂದ ಫೋನು ಮಾಡಿದ ಗೆಳತಿಗೂ, ತಗೊಳ್ಳಲೋ ಬೇಡವೋ ಎಂಬ ಅವಳ ಪ್ರಶ್ನೆಗೆ, "ಮೊದ್ಲ ಗ್ವಾಡಿ ತಟ್ಟಿ ಫೋನಿನಾಗ ಕೇಳಸು" ಎಂದೆ. ತಟ್ಟಿದಳು, ಪಾಪ. ನನಗೇನೂ ತಿಳಿಯಲಿಲ್ಲ. ಕಿವಿಯನ್ನು ಕಾಕಾ ಎರವಲು ಕೊಟ್ಟಿರಲಿಲ್ಲವಲ್ಲ.

ಹಿಡಿಕೆ ಕೂರಿಸಿದ ಮರುದಿನ, ಸೋಮವಾರ, ಆಯಿ ನಸುಕಿನಲ್ಲೇ ಎದ್ದು ಒಬ್ಬಳೇ ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು, ನಾನು ಪೆನ್ನು ಹಿಡಿದು ಬಂದೆ. ಇಬ್ಬರೂ ಬಾಗಿಲಿಗೆ ಕಿವಿಗೊಟ್ಟು ನಿಂತೆವು. ನೀರು ಸುರಿದ ಸದ್ದು ನಿಂತಿತು. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಉಕ್ಕಿನ ಮೇಲೆ ಬಳೆಗಳು ಕಿಣಿಕಿಣಿ ಎಂದವು, ಒಂದು ದೀರ್ಘ "ಶಿವಾ" ಕೇಳಿಸಿತು, ಒದ್ದೆ ಹೆಜ್ಜೆಗಳು ನಡೆದವು.

"ಹೊರಗ ಯಾರ್ರೇ ಅದು? ಮಂದಿ ಜಳಕ ಮಾಡೂದ್ ಕೇಳಾಕ ನಿಂತೀರೇನು, ನಾಚಿಕಿಲ್ಲದವ್ರ! ಹೋಗ್ರಿ, ಚಾ ಇಡ್ರಿ. ಪೂಜಿ ಈಗ ಮುಗಸ್ತೇನಿ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಹಿಟ್ಟು ಮೆತ್ತಿದ ಮುಖದಲ್ಲೇ ನಗುತ್ತ ಒಲೆಯ ಕಡೆ ಹೋದಳು. ಪೂಜೆ ಮುಗಿದು ಆಯಿಯ ಕೈಗೆ ಬಟ್ಟಲು ಬಂದಾಗ ನಾನು ಗಡಿಯಾರ ನೋಡಿ, ಯಂತ್ರದ ಪುಟದಲ್ಲಿ ಒಂದೇ ಸಾಲು ಬರೆದೆ: ಆರೂಮುಕ್ಕಾಲು, ಆಯಿಗೆ ಚಹಾ.